ಸೌಟಕ್ಕನ ಶನಿವಾರದ ಊಟ

ಸೌಟಕ್ಕನಿಗೆ ಸ್ವಲ್ಪವೇ ಅಡುಗೆ ಮಾಡುವುದು ಬರುತ್ತಿರಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅರ್ಧ ಆಯಸ್ಸು ಕಳೆದ ಕೈ ಅದು. ಒಂದು ಹಿಡಿ ಉಪ್ಪೆಂದರೆ ಒಂದು ಶಿಫ್ಟಿಗಾಗುವ ಉಪ್ಪು. ಕ್ಯಾಂಟೀನು ಮುಚ್ಚಿ, ಊಟ ಹೊರಗಿನಿಂದ ಡಬ್ಬಿಗಳಲ್ಲಿ ಬರತೊಡಗಿದ ಮೇಲೆ ಅವಳು ಮನೆ ಸೇರಿದಳು, ಕೈ ಮಾತ್ರ ಅಲ್ಲೇ ಉಳಿಯಿತು. ಮಕ್ಕಳಿಲ್ಲದ ಮನೆ, ಇರುವವರು ಇಬ್ಬರೇ. ಸೋಮವಾರದ ಕುಂಬಳಕಾಯಿ ಸೂಪು ಗುರುವಾರವೂ ತಟ್ಟೆಗೆ ಬಂದಾಗ, ಬಸ್ ಡ್ರೈವರಾಗಿ ನಿವೃತ್ತನಾಗಿದ್ದ ಗಂಡ ತಟ್ಟೆ ದೂಡಿ ಎದ್ದ.

“ಇದನ್ನ ಖಾಲಿ ಮಾಡೋಕೆ ಒಂದು ಬಸ್ಸು ಜನ ಬೇಕು ಕಣೇ!”

ಅವನು ರೇಗಿ ಆಡಿದ್ದನ್ನು ಅವಳು ಸಲಹೆ ಎಂದುಕೊಂಡಳು. ಆ ಶನಿವಾರವೇ ಕಾರ್ಖಾನೆಯ ಹಳೆಯ ಸ್ಟೋರ್ ಕೀಪರನ್ನೂ ಅಲ್ಲಿನ ನರ್ಸನ್ನೂ ರಾತ್ರಿ ಊಟಕ್ಕೆ ಕರೆದಳು. ಮುಂದಿನ ವಾರ ಅವರು ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರನ್ನು ಕರೆತಂದರು, ಲೇತಿನವರು ಪೇಂಟಿನವರನ್ನು ಎಳೆತಂದರು. ಗಂಡ ಎರಡು ಮೇಜು ಜೋಡಿಸಿದ, ಹಿತ್ತಿಲಲ್ಲಿ ಬಿದ್ದಿದ್ದ ಹಲಗೆಯಿಂದ ಒಂದು ಬೆಂಚನ್ನೂ ಮಾಡಿದ. ಗೊಣಗಿಕೊಂಡೇ ಮಾಡಿದ ಎನ್ನಿ. ಹೀಗೆ ಶನಿವಾರದ ಊಟ ಶುರುವಾಗಿ ಬೇರೂ ಬಿಟ್ಟಿತು.

ಜನ ಬಂದರು, ನಕ್ಕರು, ಹೊಗಳಿದರು. ಆದರೆ ಪಾತ್ರೆ ಪ್ರತಿ ವಾರವೂ ಕಾಲು ಭಾಗ ಉಳಿಸಿಕೊಂಡೇ ಒಳಗೆ ಬರುತ್ತಿತ್ತು. ಕ್ಯಾಂಟೀನಿನಲ್ಲಿ ತಳ ಕೆರೆಸಿಕೊಂಡು ತಿಂದ ಜನವೇ ಇವರು! ಕೈರುಚಿ ಕೆಟ್ಟಿತೇ ಎಂಬ ಸಂಕಟ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅದರ ಜೊತೆಗೆ ತರಕಾರಿಯವನ ಲೆಕ್ಕವೂ ಏರುತ್ತಿತ್ತು, ಪಿಂಚಣಿ ಇದ್ದಷ್ಟೇ ಇತ್ತು.

“ಬಾಯಿಬಿಟ್ಟು ಕೇಳು, ಆಳಿಗಿಷ್ಟು ಅಂತ. ಇಲ್ಲಾಂದ್ರೆ ಈ ತಿಂಗಳಿಗೆ ಮುಗಿಸು. ನನ್ನ ಕೈಲಾಗಲ್ಲ,” ಎಂದ ಗಂಡ.

“ಮನೆಗೆ ಕರೆದು ದುಡ್ಡು ಕೇಳೋದಾ? ಮುಖ ಎಲ್ಲಿಟ್ಕೊಳ್ಳಲಿ?”

“ಹಾಗಾದ್ರೆ ಮುಗಿಸು.”

“ಶನಿವಾರ ಇಲ್ಲದಿದ್ರೆ ಉಳಿದ ದಿನ ನಾನ್ಯಾಕೆ ಏಳ್ಬೇಕು ರೀ?” ಎಂದುಬಿಟ್ಟಳು. ಗಂಡ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವಳ ಕಷ್ಟ ಸುಳ್ಳಲ್ಲ. ಅಷ್ಟು ವರ್ಷ ಬಡಿಸಿದರೂ ಅವಳು ಊಟದ ದುಡ್ಡು ಮುಟ್ಟಿದವಳಲ್ಲ. ಕ್ಯಾಂಟೀನಿನ ಜನ ಆಫೀಸಿನಲ್ಲಿ ದುಡ್ಡು ಕಟ್ಟಿ ಟೋಕನ್ ತಂದು ಇವಳ ಕಿಟಕಿಯಲ್ಲಿ ಕೊಡುತ್ತಿದ್ದರು. ಟೋಕನ್ ಇಲ್ಲದವನು ಮ್ಯಾನೇಜರೇ ಆಗಲಿ, ಮುಲಾಜಿಲ್ಲದೆ ಹಿಂದಕ್ಕೆ ಅಟ್ಟುತ್ತಿದ್ದಳು. ಈಗ ತನ್ನದೇ ಮನೆಯಲ್ಲಿ ನಾಲಿಗೆ ಏಳುತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಹೂಡಿದಳು. ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ನೋಟು ತೂರುವಷ್ಟು ಸೀಳಿ, ಬಾಗಿಲ ಪಕ್ಕ ಚಪ್ಪಲಿ ಬಿಡುವಲ್ಲಿ ಸ್ಟೂಲಿನ ಮೇಲಿಟ್ಟಳು. ಏನು ಎತ್ತ ಎಂದು ಬರೆಯಲಿಲ್ಲ, ನಾಚಿಕೆ. ಆ ಶನಿವಾರ ಹೊರಡುವಾಗ ಎಲ್ಲರೂ ಡಬ್ಬಿಯ ಮುಂದೆ ಒಂದು ಗಳಿಗೆ ನಿಂತು, ಮೈಯನ್ನೇ ಮರೆ ಮಾಡಿಕೊಂಡು, ಏನೋ ತುರುಕಿ ಹೋದರು. ಸೌಟಕ್ಕನ ಎದೆ ಹಗುರಾಯಿತು.

ಮುಚ್ಚಳ ತೆಗೆದರೆ ಒಳಗೆ ಬರೀ ಚೀಟಿಗಳು. “ಉಪ್ಪು ಒಂದು ಚೂರು ಮುಂದು.” “ಬೆಂಚು ಅಲ್ಲಾಡುತ್ತದೆ.” “ಹೋದ ವಾರದ ಸೂಪೇ ವಾಸಿ.”

ಕ್ಯಾಂಟೀನಿನ ಬಾಗಿಲಲ್ಲಿ ಥೇಟ್ ಇಂಥದೇ ಡಬ್ಬಿ ಇತ್ತು, ದೂರು ಹಾಕಲು. ಬಾಗಿಲ ಪಕ್ಕ ಸೀಳು ಡಬ್ಬಿ ಕಂಡರೆ ಚೀಟಿ ಹಾಕಬೇಕೆಂದು ಆ ಜನ ಕಲಿತದ್ದೇ ಅಲ್ಲಿ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೆ ಅಳು ಬಂತು. ಆದರೂ ಬೆಳಗ್ಗೆ ಎದ್ದು ಮೊದಲು ಮಾಡಿದ ಕೆಲಸ, ಬೆಂಚಿನ ಕಾಲಿಗೆ ಮೊಳೆ ಹೊಡೆಸಿದ್ದು.

ತಿಂಗಳ ಕೊನೆಯ ಶನಿವಾರ ಬಂತು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯಲ್ಲಿ ಒಂದು ಕಿಟಕಿಯಿತ್ತು. ಅದರಲ್ಲಿ ರೇಡಿಯೋ, ಹಳೆ ಪತ್ರಿಕೆ ಕೂತಿದ್ದವು. ಅಂದು ಪಾತ್ರೆಯನ್ನು ಮೇಜಿಗೆ ಹೊತ್ತು ತರುವಷ್ಟು ಉತ್ಸಾಹ ಅವಳಲ್ಲಿ ಇರಲಿಲ್ಲ. ರೇಡಿಯೋ ಎತ್ತಿಟ್ಟು, ಅಲ್ಲಿಂದಲೇ ಬಡಿಸಲು ನಿಂತಳು. ಯಾರೂ ಹೇಳದೆಯೇ ಅತಿಥಿಗಳು ತಟ್ಟೆ ಹಿಡಿದು ಸಾಲು ಕಟ್ಟಿದರು. ಮೊದಲ ತಟ್ಟೆ ಸ್ಟೋರ್ ಕೀಪರನದು. ಸೌಟು ಮೇಲೆದ್ದಿತು, ಬಾಯಿ ತಾನಾಗಿಯೇ ತೆರೆಯಿತು.

“ಟೋಕನ್?”

ಸ್ಟೋರ್ ಕೀಪರನ ಕೈ ಸೀದಾ ಅಂಗಿಯ ಜೇಬಿಗೆ ಹೋಯಿತು. ಹಿಂದಿದ್ದ ನರ್ಸಿನ ಕೈ ಚೀಲಕ್ಕೆ, ಲೇತಿನವರ ಕೈ ಪ್ಯಾಂಟಿಗೆ. ಸಾಲಿಗೆ ಸಾಲೇ ಜೇಬು ತಡಕಿ, ಆಮೇಲೆ ತಬ್ಬಿಬ್ಬಾಗಿ ನಿಂತಿತು.

ಸೌಟು ಕೈಯಲ್ಲಿರುವಾಗಲೇ ಹೇಳಿಬಿಡಬೇಕು ಎನ್ನಿಸಿತು ಅವಳಿಗೆ. “ತರಕಾರಿ, ಎಣ್ಣೆ, ಗ್ಯಾಸು ಎಲ್ಲ ನಮ್ಮ ಕೈಯಿಂದಲೇ ಹೋಗ್ತಿದೆ. ಎಲ್ಲರೂ ಪಾಲು ಹಾಕಿದ್ರೆ ಮುಂದಿನ ಶನಿವಾರ ಒಲೆ ಹಚ್ತೀನಿ. ಇಲ್ಲಾಂದ್ರೆ ಇವತ್ತೇ ಕೊನೆ.”

“ಅಯ್ಯೋ ಸೌಟಕ್ಕ, ನಾವಾಗಿ ಕೊಟ್ರೆ ನೀವು ನೊಂದ್ಕೋತೀರಾ ಅಂತ ಸುಮ್ಮನಿದ್ವಿ,” ಎಂದ ಸ್ಟೋರ್ ಕೀಪರ್, ನೋಟು ಚಾಚುತ್ತಾ.

“ಬಿಟ್ಟಿ ಊಟಕ್ಕೆ ಕೂತು ಇನ್ನೊಂದು ಸೌಟು ಹಾಕಿ ಅಂತ ಕೇಳೋಕಾಗುತ್ತಾ?” ಎಂದಳು ನರ್ಸು. “ಎಷ್ಟು ಶನಿವಾರ ಅರೆಹೊಟ್ಟೆಯಲ್ಲಿ ಮನೆಗೆ ಹೋಗಿದ್ದೀನಿ ಗೊತ್ತಾ?”

ಸೌಟಕ್ಕ ಆ ಮಾತನ್ನು ನಿಂತಲ್ಲೇ ನಿಂತು ಕೇಳಿಸಿಕೊಂಡಳು. ಕೈರುಚಿ ಕೆಟ್ಟಿರಲಿಲ್ಲ.

ಆ ರಾತ್ರಿ ಸಾಲು ಎರಡನೆಯ ಸಲವೂ ಬಂತು, ಕೆಲವರು ಮೂರನೆಯ ಸಲವೂ. ಇವರಿಗೆ ಹೆಚ್ಚು ಹಾಕಿದಿರಿ, ನನಗೆ ಬರೀ ತಿಳಿ ಹಾಕಿದಿರಿ ಎಂದು ಲೇತಿನವರು ಹಳೆಯ ದಿನಗಳಂತೆ ಜಗಳಕ್ಕೇ ನಿಂತರು. ಎಲ್ಲರ ಕೊನೆಯಲ್ಲಿ ತಟ್ಟೆ ಹಿಡಿದು ಗಂಡ ಬಂದ.

“ಟೋಕನ್?”

“ನಂಗೂನಾ?” ಎನ್ನುತ್ತಾ ಅವನು ನಿಜವಾಗಿಯೂ ಜೇಬಿಗೆ ಕೈಹಾಕಿದ. ಅವಳು ತಳ ಕೆರೆದು ಕೊನೆಯ ಸೌಟನ್ನು ಅವನಿಗೆ ಬಡಿಸಿದಳು. ತನಗೆಂದು ಏನೂ ಉಳಿದಿರಲಿಲ್ಲ. ಬರಿದಾದ ಪಾತ್ರೆಯ ಪಕ್ಕ ಕೂತು, ಒಣ ಬ್ರೆಡ್ಡನ್ನು ಪಾತ್ರೆಯ ಅಂಚಿಗೆ ಒರೆಸಿಕೊಂಡು ತಿಂದಳು. ಕ್ಯಾಂಟೀನು ಮುಚ್ಚಿದ ಮೇಲೆ ಅವಳು ಅಷ್ಟು ನೆಮ್ಮದಿಯಿಂದ ಉಂಡದ್ದು ಅದೇ ಮೊದಲು.