ಆಯಮ್ಮ ಕಲಿತ ಎರಡು ಮಾತು

ಹೆಂಗಸರ ವಾರ್ಡಿನ ಆಯಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಓದಲು ಬಾರದು. ಆದರೆ ಇಪ್ಪತ್ತಾರು ವರ್ಷ ಬೆಡ್‌ಪ್ಯಾನ್ ತೊಳೆದು, ಹಾಸಿಗೆ ಬದಲಿಸಿ, ರೌಂಡ್ಸಿಗೆ ಬಂದ ಡಾಕ್ಟರ ಹಿಂದೆ ಕಿವಿ ತೆರೆದು ನಿಂತು ಎರಡು ಮಾತನ್ನು ಮಾತ್ರ ಅರೆದು ಕುಡಿದಿದ್ದಳು: ಸ್ಟೇಬಲ್, ಕಂಫರ್ಟಬಲ್. ನಿಘಂಟು ಬರೆದವರಿಗೂ ಅವಳಷ್ಟು ಗೊತ್ತಿರಲಾರದು.

ರೋಗಿ ಸ್ಟೇಬಲ್ ಎಂದರೆ ಮನೆಯವರ ಮುಖ ಬಾಡುತ್ತದೆ, ಹಾಗಾದರೆ ಗುಣವಾಗಿಲ್ಲವೇ ಎಂದು ಪೇಚಾಡುತ್ತಾರೆ. ಕಂಫರ್ಟಬಲ್ ಎಂದರೆ ಹೋದ ಜೀವ ಬಂದಂತಾಗಿ ಹಣ್ಣು ತರಲು ಓಡುತ್ತಾರೆ. ಆಯಮ್ಮನ ಲೆಕ್ಕ ಉಲ್ಟಾ. ಸ್ಟೇಬಲ್ ಅಂದಲ್ಲಿ ಸೂಜಿ, ಮಾತ್ರೆ, ರಕ್ತಪರೀಕ್ಷೆ ನಡೆದೇ ಇರುತ್ತವೆ. ಡಾಕ್ಟರು ಇನ್ನೂ ಕೈಬಿಟ್ಟಿಲ್ಲ. ಕಂಫರ್ಟಬಲ್ ಅಂದಮೇಲೆ ನೋವಿಗೊಂದು ಇಂಜೆಕ್ಷನ್ ಬಿಟ್ಟರೆ ಉಳಿದದ್ದೆಲ್ಲ ಬಂದ್. ಇದನ್ನು ಬಿಡಿಸಿ ಹೇಳಲು ಆ ದೊಡ್ಡ ಮನುಷ್ಯರಿಗೆ ನಾಲಿಗೆ ಏಳುವುದಿಲ್ಲ. ಮೆತ್ತಗಿನ ಮಾತೊಂದನ್ನು ಎಸೆದು ಮುಂದಿನ ಮಂಚಕ್ಕೆ ಹೋಗಿಬಿಡುತ್ತಾರೆ.

ಅವಳ ಒಡಹುಟ್ಟಿದ ಅಕ್ಕ ಹನ್ನೊಂದನೇ ಮಂಚದಲ್ಲಿ ಮಲಗಿ ಹದಿನೆಂಟು ದಿನವಾಗಿತ್ತು. ಅಷ್ಟೂ ದಿನ ಸ್ಟೇಬಲ್. ಅದನ್ನು ಕಿವಿಯಾರೆ ಕೇಳಿದ ಮೇಲೆಯೇ ಆಯಮ್ಮನ ಗಂಟಲಲ್ಲಿ ಊಟ ಇಳಿಯುತ್ತಿತ್ತು. ಬುಧವಾರ ಬೆಳಗ್ಗೆ ಡಾಕ್ಟರು ಕೇಸ್ ಶೀಟ್ ತಿರುವಿ, ಭಾವನ ಹೆಗಲು ತಟ್ಟಿ, "ಕಂಫರ್ಟಬಲ್ ಆಗಿದಾರೆ" ಅಂದರು.

ಭಾವ ನಗುತ್ತ ಹತ್ತಿರ ಬಂದ. "ಕೇಳಿದ್ಯೇನಮ್ಮ? ಆರಾಮಾಗಿದಾಳಂತೆ. ಮನೆಗೆ ಯಾವಾಗ ಕಳಿಸ್ತಾರೋ?"

"ವಿಚಾರಿಸ್ತೀನಿ ಭಾವ."

ಬೇರೆಯವರಾಗಿದ್ದರೆ ಪಕ್ಕಕ್ಕೆ ಕರೆದು, ಮಕ್ಕಳನ್ನೆಲ್ಲ ಕರೆಸಿಕೊಳ್ಳಿ ಅನ್ನುತ್ತಿದ್ದಳು. ಭಾವನಿಗೆ ಮಾತ್ರ ವಿಚಾರಿಸ್ತೀನಿ ಅಂದುಬಿಟ್ಟಿದ್ದಳು. ಇಷ್ಟು ತಿಳಿದುಕೊಂಡು ಏನು ಬಂತು ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ನರ್ಸ್ ಬಂದು, ಹನ್ನೊಂದನ್ನು ಮೂಲೆಯ ಕಿಟಕಿಗೆ ಸರಿಸು ಎಂದಳು. ನರ್ಸ್ ಮೇಜಿನ ಎದುರಿನ ಈ ಜಾಗ ಕಣ್ಣಿಟ್ಟು ನೋಡಬೇಕಾದವರಿಗೆ. ಹೊಸ ರೋಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಪಾಪ, ನರ್ಸ್ ಕೂಡ ಮುಖ ಕೊಟ್ಟು ಹೇಳಲಿಲ್ಲ. ಮಂಚ ಸರಿಸುವುದು ಆಯಮ್ಮನ ಕೆಲಸ. ಆಗುವುದಿಲ್ಲ ಅಂದರೆ ಇನ್ಯಾರೋ ಬಂದು ದಡಬಡ ಎಳೆದಾರು.

ಅವಳು ತಲೆಕಡೆ ಹಿಡಿದಳು. ಭಾವ ತಾನಾಗಿಯೇ ಕಾಲಕಡೆಗೆ ಬಂದ.

ಅಕ್ಕ ಕಣ್ಣು ಬಿಟ್ಟಳು. "ಎಲ್ಲಿಗೇ?"

"ಕಿಟಕಿ ಹತ್ರ ಅಕ್ಕ. ಗಾಳಿ ಚೆನ್ನಾಗಿ ಬರುತ್ತೆ."

"ನೋಡಿದ್ಯಾ," ಭಾವ ಹೆಂಡತಿಗೆ ಹೇಳಿದ, "ತಂಗಿ ಇಲ್ಲಿರೋದಕ್ಕೆ ಇಂಥ ಜಾಗ ಸಿಕ್ತು." ಹುಮ್ಮಸ್ಸಿನಿಂದ ಮಂಚ ಎಳೆಯತೊಡಗಿದ.

"ನಿಧಾನ ಭಾವ," ಅಂದಳು ಆಯಮ್ಮ. "ಅವಸರ ಮಾಡಬೇಡಿ."