ಮೂರು ಸಾಲು ಬಾಕಿ

ಲಿಂಗರಾಜಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆ. ಶಾಲೆಯಿಂದ ನಿವೃತ್ತಳಾದರೂ ಕೆಂಪು ಪೆನ್ನು ಕೈಬಿಟ್ಟಿಲ್ಲ; ಹುಟ್ಟುಗುಣ ಸುಟ್ಟರೂ ಹೋಗದು. ತಪ್ಪು ಬರೆದವರು ಸರಿಯಾದ ವಾಕ್ಯವನ್ನು ಮನೆಯಲ್ಲಿ ಹತ್ತು ಸಲ ಬರೆದು ತರಬೇಕು. ಮೊಮ್ಮಕ್ಕಳನ್ನು ಕಂಡವರೂ ನಗುತ್ತ ಬರೆದು ತರುತ್ತಾರೆ.

ಕಳೆದ ವರ್ಷ ಒಂದು ಮಧ್ಯಾಹ್ನ 'ಸೂದಿಂಗ್' ಎಂಬ ಪದ ತೆಗೆದುಕೊಂಡೆ. ಮೈಗೋ ಮನಸ್ಸಿಗೋ ಹಿತ ಕೊಡುವಂಥದ್ದು, ಉರಿ ತಣಿಸುವಂಥದ್ದು ಎಂದು ಹೇಳಿ, ಒಬ್ಬೊಬ್ಬರೂ ಒಂದು ವಾಕ್ಯ ಬರೆಯಿರಿ ಎಂದೆ. ಮುಲಾಮು ಬಂತು, ಲಾಲಿ ಬಂತು, ಎಳನೀರೂ ಬಂತು. ಶಿವಾಜಿನಗರದಲ್ಲಿ ಬುರ್ಖಾ ಹೊಲಿಯುವ ಹುಡುಗಿಯೊಬ್ಬಳು ಮಾತ್ರ, ನನ್ನ ತಾಯಿಯ ಕೆಮ್ಮು ಸೂದಿಂಗ್ ಎಂದು ಬರೆದಿದ್ದಳು.

"ಕೆಮ್ಮು ಎಲ್ಲಾದ್ರೂ ಹಿತವಾಗಿರುತ್ತೇನಮ್ಮಾ? ಕೆಮ್ಮಿನ ಸಿರಪ್ಪು ಅಂತ ಬರಿ," ಎಂದೆ. ಎಲ್ಲರೂ ನಕ್ಕರು.

"ಇಲ್ಲ ಮಿಸ್, ಅಮ್ಮೀ ಒಳಗಡೆ ರೂಮಲ್ಲಿ ಮಲಗಿರ್ತಾರೆ. ನಾನು ಹೊರಗೆ ಮಿಷನ್ ತುಳೀತಾ ಇರ್ತೀನಿ. ಕೆಮ್ಮು ಕೇಳ್ತಾ ಇದ್ರೆ, ಇದಾರೆ ಅಂತ ಒಂದು ಧೈರ್ಯ..."

ಇಂಗ್ಲಿಷಿನಲ್ಲಿ ಹೇಳು ಎಂದು ಗದರಿದೆ. ಅವಳಿಗೆ ಬರಲಿಲ್ಲ. ಅವಳ ವಾಕ್ಯವನ್ನು ಹೊಡೆದುಹಾಕಿ, ಕೆಳಗೆ 'ಸೈಲೆನ್ಸ್ ಈಸ್ ಸೂದಿಂಗ್' ಎಂದು ಬರೆದುಕೊಟ್ಟೆ. ಮೌನವೇ ಹಿತ, ಹತ್ತು ಸಲ.

ಆಮೇಲೆ ಮೂರು ವಾರ ಅವಳ ಸುಳಿವಿಲ್ಲ. ತಿದ್ದಿದರೆ ಮುನಿಸಿಕೊಳ್ಳುವವರಿಗೆ ವಿದ್ಯೆ ಎಲ್ಲಿಂದ ಹತ್ತಬೇಕು ಎಂದುಕೊಂಡು ಸುಮ್ಮನಾದೆ. ಮತ್ತೆ ಬಂದ ದಿನ ಎಲ್ಲರಿಗಿಂತ ಮೊದಲೇ ಬಂದು, ತಾಯಿ ತೀರಿಕೊಂಡರು ಎಂದು ತಲೆ ತಗ್ಗಿಸಿ ಹೇಳಿದಳು.

"ತುಂಬಾ ನರಳಿದ್ರೇನಮ್ಮಾ?"

"ಗೊತ್ತಿಲ್ಲ ಮಿಸ್. ಮಿಷನ್ ನಿಲ್ಸಿ ಹೋಮ್‌ವರ್ಕ್ ಬರೀತಾ ಕೂತಿದ್ದೆ. ಕೆಮ್ಮೇ ಕೇಳಿಸ್ತಿಲ್ವಲ್ಲ ಅಂತ ಒಳಗೆ ಹೋದೆ, ಅಷ್ಟೊತ್ತಿಗೆ..."

ಚೀಲದಿಂದ ನೋಟ್‌ಬುಕ್ಕು ತೆಗೆದು ನನ್ನ ಮುಂದಿಟ್ಟಳು. ನನ್ನ ಕೆಂಪು ವಾಕ್ಯದ ಕೆಳಗೆ, ಗುಂಡಗಿನ ಅಕ್ಷರದಲ್ಲಿ, ಅದೇ ವಾಕ್ಯ ಏಳು ಸಲ ಇತ್ತು. ಏಳನೆಯದಕ್ಕೆ ಚುಕ್ಕಿ ಇಟ್ಟಿರಲಿಲ್ಲ.

"ಮೂರು ಬಾಕಿ ಇದೆ ಮಿಸ್. ಇಲ್ಲೇ ಬರ್ದ್ ಕೊಡ್ಲಾ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೇಡಮ್ಮಾ ಎನ್ನಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನಾನು ಸುಮ್ಮನಿದ್ದುದನ್ನು ಒಪ್ಪಿಗೆ ಎಂದುಕೊಂಡು ಅವಳು ಏಳನೆಯ ಸಾಲಿಗೆ ಚುಕ್ಕಿಯಿಟ್ಟು, ಎಂಟನೆಯದನ್ನು ಬರೆಯತೊಡಗಿದಳು.