ಹುನ್ನೂರಿನ ನೂರಾ ಐದು ಮಂದಿ

ನನಗೆ ಅಂಕಿಗಳ ಮೇಲೆ ಸಿಟ್ಟಿಲ್ಲ. ಬರೀ ಅಂಕಿ ನೋಡಿ ಮುಂದೆ ಹೋದ ಒಬ್ಬ ಶಾಣ್ಯಾನ ಮೇಲೆ ಸಿಟ್ಟು. ಆ ಶಾಣ್ಯಾ ನಾನೇ.

ತೊಂಬತ್ತರ ದಶಕದ ಮೊದಲ ವರ್ಷಗಳು. ಜಮಖಂಡಿಯಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸಿದ್ದ ಸರ್ ಒಬ್ಬರು ಸುತ್ತಲಿನ ಊರುಗಳ ಮನೆಮನೆ ಸರ್ವೆ ಹಿಡಿದಿದ್ದರು. ರಬಕವಿ-ಬನಹಟ್ಟಿಯ ನೇಕಾರರು, ಮುಧೋಳ, ಬೀಳಗಿ ಕಡೆಯ ಕಬ್ಬಿನವರು, ಜಮಖಂಡಿ ಸುತ್ತಲಿನ ಜೋಳದ ಊರಿನವರು, ಎಲ್ಲರೂ ಅದರಲ್ಲಿ ಬರಬೇಕು. ಎಂ.ಎ. ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನೂ, ಹುನ್ನೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯನ್ನೂ ಈ ಕೆಲಸಕ್ಕೆ ಹಚ್ಚಿದರು. ಫಾರ್ಮ್ ತುಂಬುವುದು ಇಬ್ಬರ ಕೆಲಸ, ಆಮೇಲೆ ಅದನ್ನು ಕಂಪ್ಯೂಟರಿಗೆ ಏರಿಸುವುದು ನನ್ನೊಬ್ಬನದು.

ನಾನು ಫಾರ್ಮಿನಲ್ಲಿದ್ದಂತೆಯೇ ಪ್ರಶ್ನೆ ಓದುತ್ತಿದ್ದೆ. ಆಕೆ ಮೊದಲು ಕಟ್ಟೆಯ ಮೇಲೆ ಕೂತು ಎಮ್ಮೆ ಎಷ್ಟು ಹಾಲು ಹಿಂಡುತ್ತದೆ ಎಂದು ವಿಚಾರಿಸಿ, ಫಾರ್ಮ್ ಆಮೇಲೆ ತೆಗೆಯುತ್ತಿದ್ದಳು. ಬನಹಟ್ಟಿಯಲ್ಲಿ ಮಗ್ಗದ ಸಪ್ಪಳಕ್ಕೆ ಏನೂ ಕೇಳಿಸದೆ ನಾನು ಒಬ್ಬ ಮುದುಕಿಯನ್ನು ಚೀರಿ ಚೀರಿ ಕೇಳಿದಾಗ, ಹೊರಗೆ ಬಂದು ನಕ್ಕಳು.

"ನೀವು ಕೇಳೂದು ಪೊಲೀಸರು ಕಳ್ಳನ್ನ ಕೇಳಿದಂಗ ಆಗತೈತ್ರಿ. ಪಾಪ, ಆ ಮುದುಕಿ ತನ್ನ ವಯಸ್ಸ ಮರತು ಕುಂತಳು."

ಆ ನಗುವಿನಿಂದಲೇ ನನಗೆ ಆಕೆಯ ಹುಚ್ಚು ಹತ್ತಿತ್ತು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತ ಬಸ್ಸಿಗೆ ಕಾಯುವಾಗ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ. "ಇವತ್ತಿನ ಫಾರ್ಮ್ ಎಷ್ಟಾದುವ್ರಿ?" ಎಂಬ ಮಾತು ಹೊರಗೆ ಬರುತ್ತಿತ್ತು. ನಮ್ಮೆರಡು ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವುದಕ್ಕೆ ಅಡ್ಡಿಯಿರಲಿಲ್ಲ. ಇದ್ದ ಅಡ್ಡಿಯೆಂದರೆ ನನ್ನ ಬಾಯಿ. ಆಕೆ ಲೆಕ್ಕ ಹೇಳುತ್ತಿದ್ದಳು, ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದಳು, ಆಮೇಲೆ ಶೇಂಗಾ ಸಿಪ್ಪೆ ಝಾಡಿಸಿಕೊಂಡು ಏಳುತ್ತಿದ್ದಳು.

ಫಾರ್ಮಿನ ವಿಷಯದಲ್ಲಿ ಮಾತ್ರ ನಾನು ಬಲು ಕಟ್ಟುನಿಟ್ಟು. ಯಾವ ಚೌಕವೂ ಖಾಲಿ ಇರಬಾರದು. ಇದ್ದರೆ, ಯಾಕೆ ಖಾಲಿ ಎಂದು ಕೊನೆಯ ಪುಟದಲ್ಲಿ ಬರೆಯಬೇಕು, ಕಂಪ್ಯೂಟರಿಗೆ ಏರಿಸುವವನು ಪುಟ ತಿರುವಿ ಅದನ್ನು ಓದಲೇಬೇಕು. ಇದು ನಾನೇ ಮಾಡಿದ ನಿಯಮ. ಸರ್ ಶಹಬ್ಬಾಸ್ ಅಂದಿದ್ದರು.

ಕೊನೆಗೆ ಹುನ್ನೂರು ಬಂತು. ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ಆಕೆಯ ಮನೆಯೂ ಇತ್ತು.

"ನಮ್ಮ ಮನಿ ಫಾರ್ಮ್ ನೀವ ಬಂದು ತುಂಬ್ರಿ. ನಮ್ಮಪ್ಪಗ ನಾ ಏನಂತ ಪ್ರಶ್ನಿ ಕೇಳ್ಲಿ?" ಎಂದಳು.

ಆಕೆಯ ಅಪ್ಪನ ಎದುರು ಕೂತು, "ಮನೆಯಲ್ಲಿ ಮದುವೆಯಾಗದ ದೊಡ್ಡವರು ಎಷ್ಟು ಮಂದಿ?" ಎಂಬ ಏಳನೆಯ ಪ್ರಶ್ನೆ ಕೇಳುವುದನ್ನು ನೆನೆಸಿಯೇ ಬೆವತೆ.

"ಹೊಳ್ಳಿ ಬರಾಕ ಬಸ್ ಸಿಗೂದಿಲ್ರಿ. ನೀವ ತುಂಬ್ರಿ, ಅದರಾಗ ಏನೈತಿ," ಅಂದೆ.

"ಆತು ಬಿಡ್ರಿ," ಅಂದಳು. ಎರಡು ದಿನದ ಮೇಲೆ ಹುನ್ನೂರಿನ ಕಟ್ಟು ತಂದು ಮೇಜಿನ ಮೇಲಿಟ್ಟು, "ಸರಿಯಾಗಿ ನೋಡ್ರಿ ಮತ್ತ," ಎಂದು ಹೇಳಿ ಹೋದಳು. ಅಲ್ಲಿಗೆ ಆಕೆಯ ಕೆಲಸ ಮುಗಿದಿತ್ತು.

ಅದು ಶಿವರಾತ್ರಿಯ ಸುಮಾರು, ಯುಗಾದಿಗೆ ಇನ್ನೂ ತಿಂಗಳಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಕರೆಂಟ್ ಹೋಗುವುದರೊಳಗೆ ಆದಷ್ಟು ಫಾರ್ಮ್ ಏರಿಸುವ ಅವಸರ ನನಗೆ. ಖಾಲಿ ಚೌಕ ಬಂದರೆ 'ಗೊತ್ತಿಲ್ಲ' ಎಂಬುದಕ್ಕೆ ಗೊತ್ತು ಮಾಡಿಕೊಂಡಿದ್ದ 99 ಒತ್ತಿ ಮುಂದಿನ ಫಾರ್ಮಿಗೆ ಹೋಗುತ್ತಿದ್ದೆ. ಪುಟ ತಿರುವುತ್ತ ಕೂತರೆ ಕೆಲಸ ಯಾವಾಗ ಮುಗಿಯಬೇಕು? ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಯುಗಾದಿ ಆದ ಮೇಲೆ ಆಕೆಯ ಲಗ್ನಪತ್ರಿಕೆ ಬಂತು. ಸರ್ ಜೊತೆ ಹೋದೆ. ಅಕ್ಕಿಕಾಳು ಹಾಕಿದೆ. ಒಲ್ಲೆ ಅನ್ನಲಿಕ್ಕೂ ಬಾಯಿ ಬಾರದೆ ಎರಡು ಸಲ ಹುಗ್ಗಿ ನೀಡಿಸಿಕೊಂಡೆ. ಆಕೆಗೆ ನನ್ನ ಮೇಲೆ ಮನಸ್ಸಿರಲಿಲ್ಲ, ಇದ್ದಿದ್ದರೆ ಒಂದು ಸುಳಿವಾದರೂ ಕೊಡುತ್ತಿದ್ದಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿದೆ.

ಶ್ರಾವಣದಲ್ಲಿ ಸರ್ ಕೋಷ್ಟಕ ಕೇಳಿದರು. ಮನೆಯಲ್ಲಿ ಒಟ್ಟು ಎಷ್ಟು ಜನ ಎಂಬ ಪ್ರಶ್ನೆ ಫಾರ್ಮಿನಲ್ಲಿರಲಿಲ್ಲ. ಮದುವೆಯಾದವರು, ಮದುವೆಯಾಗದ ದೊಡ್ಡವರು, ಮಕ್ಕಳು, ಹೀಗೆ ಮೂರು ವೇರಿಯೇಬಲ್, ಅಂದರೆ ಅಂಕಿಗಳ ಮೂರು ಅಂಕಣ ಇದ್ದವು. ಅವನ್ನು ಕೂಡಿಸಿ 'ಮನೆಮಂದಿ' ಎಂಬ ಹೊಸ ವೇರಿಯೇಬಲ್ ಮಾಡಬೇಕು. ಕಂಪ್ಯೂಟ್ ಎಂಬ ಆಜ್ಞೆ ಬರೆದು, ಹೊಸ ಹೆಸರು ಕೊಟ್ಟು, ಮೂರರ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ ಸಾವಿರಾರು ಮನೆಯ ಮಂದಿಯನ್ನೂ ಯಂತ್ರ ಕ್ಷಣದಲ್ಲಿ ಎಣಿಸಿಬಿಡುತ್ತದೆ. ಆದರೆ 99 ಅಂದರೆ ಜನರಲ್ಲ, ಅದನ್ನು ಕೂಡಿಸಬೇಡ ಎಂದು ಅದಕ್ಕೆ ಮೊದಲೇ ಹೇಳಿಡಬೇಕು. ನಾನು ಹೇಳಿರಲಿಲ್ಲ.

ಸರ್ ಕಾಗದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ರಿ ಇದು, ಹುನ್ನೂರಾಗ ಒಂದ ಮನ್ಯಾಗ ನೂರಾ ಐದು ಮಂದಿ? ದಿನಾ ಎಷ್ಟು ರೊಟ್ಟಿ ಬಡೀತಾರ್ರಿ ಅವರು! ಫಾರ್ಮ್ ತಗದು ನೋಡ್ರಿ."

ಕಪಾಟಿನಿಂದ ಕಟ್ಟು ತೆಗೆದೆ. ಫಾರ್ಮಿನ ಮೇಲೆ ಆಕೆಯ ಅಪ್ಪನ ಹೆಸರಿತ್ತು. ಮದುವೆಯಾದವರು ನಾಲ್ಕು, ಮಕ್ಕಳು ಎರಡು. ನಡುವಿನ ಏಳನೆಯ ಚೌಕ ಖಾಲಿ. ಇಡೀ ಸರ್ವೆಯಲ್ಲಿ ಆಕೆ ಖಾಲಿ ಬಿಟ್ಟ ಚೌಕ ಅದೊಂದೇ. ಆಗ ಮೊದಲ ಸಲ ಕೊನೆಯ ಪುಟ ತಿರುವಿದೆ. ಆಕೆಯ ದುಂಡನೆಯ ಅಕ್ಷರ.

"ಪ್ರಶ್ನೆ ಏಳು ಖಾಲಿ ಬಿಟ್ಟ ಕಾರಣ: ಈಗ ಒಬ್ಬಳಿದ್ದಾಳೆ. ಯುಗಾದಿ ಆದಮೇಲೆ ಇರುವುದಿಲ್ಲ ಎನ್ನುತ್ತಿದ್ದಾರೆ. ಕೇಳುವವರು ಯಾರಾದರೂ ಇದ್ದರೆ ಅಷ್ಟರೊಳಗೆ ಬಂದು ಅಪ್ಪನನ್ನು ಕೇಳಬೇಕು. ಹುನ್ನೂರಿಗೆ ಬಸ್ಸಿದೆ."

ಎಷ್ಟು ಸಲ ಓದಿದೆನೋ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನನಗೆ ಬಾಗಿಲು ಎಲ್ಲಿದೆ ಎಂಬುದೇ ಆಗ ಗೊತ್ತಾಯಿತು. ಆಮೇಲೆ ನನಗೂ ಮದುವೆಯಾಯಿತು, ಸಂಸಾರ ಛಲೋ ನಡೆಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಇವತ್ತಿಗೂ ಹುನ್ನೂರಿನ ಬೋರ್ಡ್ ಹಾಕಿದ ಬಸ್ಸು ಎದುರಿಗೆ ಬಂದರೆ, ಅದನ್ನು ಹತ್ತಿ ಆ ಯುಗಾದಿಯ ಮುಂಚಿನ ಒಂದು ದಿನದಲ್ಲಿ ಇಳಿಯಬೇಕು ಅನ್ನಿಸುತ್ತದೆ.

"ಏನಾಗಿತ್ರಿ?" ಎಂದು ಸರ್ ಕೇಳಿದರು.

"ಒಂದು ಅಂಕಿ ಬಿಟ್ಟು ಹೋಗಿತ್ರಿ ಸರ್."

"ಅಷ್ಟ ಹೌದಿಲ್ಲೊ? ಸರ್ವೆ ಮಾಡಿದ ದಿನಾ ಎಷ್ಟಿತ್ತೋ ಅಷ್ಟ ಹಾಕ್ರಿ."

99 ಅಳಿಸಿ 1 ಒತ್ತಿದೆ. ಮೂರನ್ನೂ ಮತ್ತೆ ಕೂಡಿಸಲು ಹೇಳಿದೆ. ಹುನ್ನೂರಿನ ಆ ಮನೆಯಲ್ಲಿ ಏಳು ಮಂದಿ ಎಂದು ಯಂತ್ರ ತೋರಿಸಿತು. ಅಷ್ಟೊತ್ತಿಗೆ ಅಲ್ಲಿ ಆರೇ ಮಂದಿ ಇದ್ದರು.